ಹೋಗುವವರಿಲ್ಲದ ಮನೆ

ನಮ್ಮ ಕೆರೆಯಲ್ಲಿ ನೀರು ಇಳಿಯತೊಡಗಿತೆಂದರೆ ಊರಿನಲ್ಲಿ ಮದುವೆಗಳ ಅವಸರ ಶುರುವಾಗುತ್ತದೆ. ಆಚೆ ದಡದ ಊರಿಗೆ ಹೆಣ್ಣು ಕೊಡುವುದು, ಅಲ್ಲಿಂದ ಹೆಣ್ಣು ತರುವುದು, ಎರವಲು ತಂದ ಹಂಡೆಯನ್ನು ಹಿಂತಿರುಗಿಸುವುದು, ಹಬ್ಬಕ್ಕೆಂದು ಬಂದು ಉಳಿದ ನೆಂಟರನ್ನು ಸಾಗಹಾಕುವುದು, ಎಲ್ಲವೂ ದೋಣಿಯ ತಳ ನೆಲಕ್ಕೆ ತಾಗುವುದರೊಳಗೆ ಮುಗಿಯಬೇಕು. ಆಮೇಲೆ ದೋಣಿಗಳನ್ನು ಮಗುಚಿ ಹಾಕುತ್ತೇವೆ. ಕೆರೆಯ ಅಂಗಳ ಒಣಗಿ ಬಿರುಕು ಬಿಟ್ಟಮೇಲೆ ಯುದ್ಧ ಶುರುವಾಗುತ್ತದೆ. ಮಳೆ ಬಿದ್ದು ಪಾದ ಮುಳುಗುವಷ್ಟು ನೀರು ನಿಂತರೆ ಮುಗಿಯುತ್ತದೆ. ಕೆರೆಯ ನಡುವೆ ಒಂದು ಕಲ್ಲಿನ ದಿಬ್ಬವಿದೆ. ನೀರು ಬರುವ ಹೊತ್ತಿಗೆ ಅದರ ಮೇಲೆ ಯಾರ ಬಾವುಟವಿರುತ್ತದೋ ಅವರು ಗೆದ್ದಂತೆ. ಕೆರೆ ತುಂಬಿದಾಗ ದಿಬ್ಬವೂ ಬಾವುಟವೂ ಮುಳುಗುತ್ತವೆ, ನಾವು ಅದರ ಮೇಲೆಯೇ ದೋಣಿ ಹಾಯಿಸಿಕೊಂಡು ನೆಂಟರ ಮನೆಗೆ ಊಟಕ್ಕೆ ಹೋಗುತ್ತೇವೆ.

ನಾನು ಹಲವು ಬೇಸಿಗೆ ಅಲ್ಲಿ ಕಾದಾಡಿದವನು. ಈಗ ಎಡ ಮೊಣಕಾಲು ಮಡಚುವುದಿಲ್ಲ. ದೋಣಿಗಳಿಗೆ ಡಾಂಬರು ಬಳಿಯುವುದು, ಒಡೆದ ಹಲಗೆ ಬದಲಿಸುವುದು ನನ್ನ ಕೆಲಸ. ಭರಮಣ್ಣ ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಒಂದು ವರ್ಷ ದೊಡ್ಡ ಧೂಳು ಎದ್ದಾಗ ನಾನೊಬ್ಬನೇ ದಿಬ್ಬದ ಮೇಲೆ ಬಾವುಟ ಹಿಡಿದು ನಿಂತಿದ್ದೆನೆಂದು ಜನ ಹೇಳುತ್ತಾರೆ. ನಿಜವಾಗಿ ನಡೆದದ್ದನ್ನು ನಾನು ಆ ದಿನದಿಂದಲೇ ಹೇಳುತ್ತಾ ಬಂದಿದ್ದೇನೆ. ಕಣ್ಣು ಬಿಡಲಾಗದಷ್ಟು ಧೂಳಿತ್ತು, ಯಾರು ಎಲ್ಲಿದ್ದಾರೆಂದು ತಿಳಿಯಲಿಲ್ಲ, ಕೈಗೆ ಸಿಕ್ಕ ಕೋಲನ್ನು ಅಪ್ಪಿಕೊಂಡು ಕುಳಿತೆ, ಧೂಳು ಇಳಿದಾಗ ಅದು ಬಾವುಟದ ಕೋಲಾಗಿತ್ತು. ಕೇಳಿದವರು ತಲೆದೂಗಿ, "ಎಷ್ಟು ವಿನಯ ನೋಡಿ" ಎಂದು ಮುಂದಕ್ಕೆ ಹೋಗುತ್ತಾರೆ.

ಯುದ್ಧಕ್ಕೆ ಮನೆಗೊಬ್ಬ ಗಂಡಸು ಹೋಗಬೇಕೆನ್ನುವುದು ಹಳೆಯ ಕಟ್ಟಳೆ. ಹೋಗಬಲ್ಲ ಗಂಡಸಿಲ್ಲದ ಮನೆಗೆ ವಿನಾಯಿತಿ. ನನ್ನ ಮೊಣಕಾಲು ಹೋದಮೇಲೆ ನಮ್ಮದೂ ಅಂಥ ಮನೆಯೇ. ಇರುವವರು ನಾನು, ಹೆಂಡತಿ ನೀಲವ್ವ, ಮಗಳು ಹೊನ್ನಿ. ನೀಲವ್ವ ಆಚೆ ದಡದವಳು. ಬಂದು ಇಷ್ಟು ವರ್ಷವಾದರೂ ಆ ಊರಿನ ಮಾತು ಬಿಟ್ಟಿಲ್ಲ. ನಾನು ಯುದ್ಧಕ್ಕೆ ಹೋಗುತ್ತಿದ್ದಾಗ ಅವಳು ಕೆರೆಯ ಕಡೆಯ ಕಿಟಕಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತು ಹಿಟ್ಟು ಬೀಸುತ್ತಿದ್ದಳಂತೆ. ಗೆದ್ದು ಬಂದರೂ ಸೋತು ಬಂದರೂ ಏನೂ ಕೇಳುತ್ತಿರಲಿಲ್ಲ. ಬೇರೆಯವರೆಲ್ಲ ಕೇಳುತ್ತಿದ್ದರಾದ್ದರಿಂದ ನನಗೂ ಅದೇ ಹಿತವಾಗಿತ್ತು.

ಈ ವರ್ಷ ನೀರು ಇಳಿಯುವ ಮೊದಲೇ ಚಾವಡಿಯಲ್ಲಿ ಹೊಸ ಮಾತು ಹುಟ್ಟಿತು. ಗಂಡಸಿಲ್ಲದ ಮನೆಯಿಂದ ಒಬ್ಬ ಹೆಂಗಸು ಹೋಗಬೇಕು. ಆಚೆಯವರು ಈಗಾಗಲೇ ಹಾಗೆ ತೀರ್ಮಾನಿಸಿದ್ದಾರಂತೆ, ನಾವು ಸುಮ್ಮನಿದ್ದರೆ ಲೆಕ್ಕದಲ್ಲಿ ಅವರು ಮುಂದಾಗುತ್ತಾರೆ. ಊರು ಎರಡಾಯಿತು. ಚಹಾದಂಗಡಿಯಲ್ಲಿ ಬೇಕೆನ್ನುವವರು ಒಳಗಿನ ಬೆಂಚಿನಲ್ಲಿ, ಬೇಡವೆನ್ನುವವರು ಹೊರಗಿನ ಬೆಂಚಿನಲ್ಲಿ ಕೂರತೊಡಗಿದರು. ನಾನು ಮಡಚದ ಕಾಲನ್ನು ಚಾಚಿಕೊಳ್ಳಲು ಅನುಕೂಲವೆಂದು ಹೊಸ್ತಿಲ ಮೇಲೆ ಕೂತರೆ ಅದಕ್ಕೂ ಅರ್ಥ ಹಚ್ಚಿದರು.

ಮೊದಲು ನನ್ನ ಹತ್ತಿರ ಬಂದವನು ಚಾವಡಿಯ ಯಜಮಾನ ರುದ್ರಮುನಿ. ಅವನೂ ನಾನೂ ಒಟ್ಟಿಗೆ ಕೆರೆಗಿಳಿದವರು. ಅವನ ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನು ಹೋದ ಬೇಸಿಗೆ ಯುದ್ಧದಲ್ಲಿ ತೀರಿಕೊಂಡ. ಈ ಸಲ ಚಿಕ್ಕವನ ಸರದಿ. ನಾನು ಡಾಂಬರು ಕಾಯಿಸುತ್ತಿದ್ದ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಕಟ್ಟಿಗೆ ಒಳಗೆ ನೂಕಿದ.

"ಭರಮಣ್ಣ, ನನ್ನ ಮನೆ ಖಾಲಿ ಆಗ್ತಾ ಇದೆ. ಪಕ್ಕದ ಮನೇಲಿ ಮೂರು ಜನ ಗಟ್ಟಿಮುಟ್ಟು ಹೆಣ್ಣುಮಕ್ಕಳು ಕೂತು ಹಪ್ಪಳ ಒತ್ತುತಾರೆ. ಅವರೇನು ಈ ಊರಿನವರಲ್ವಾ? ಸಭೇಲಿ ನೀನೊಂದು ಮಾತಾಡು. ನಿನ್ನ ಮಾತು ಜನ ಕೇಳ್ತಾರೆ."

ಅವನ ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಯಿತು, ಮಾತಾಡುತ್ತೇನೆ ಎಂದೆ.

ಮರುದಿನ ಜಯಶೀಲಾ ಟೀಚರ್ ಬಂದರು. ಅವರು ಮದುವೆಯಾದವರಲ್ಲ. ಶಾಲೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಹೊನ್ನಿಗೆ ಓದು ಹೇಳಿಕೊಟ್ಟವರು. ಮಗುಚಿದ ದೋಣಿಯ ಮೇಲೆ ಸೆರಗಿನಿಂದ ಧೂಳು ಹೊಡೆದು ಕೂತರು.

"ನೀವು ಹೋಗಿಬಂದೋರು. ಅಲ್ಲೇನಿದೆ ಅಂತ ನಿಮಗೆ ಗೊತ್ತು. ಗಂಡಸರನ್ನ ಕೇಳದೆ ಎಳ್ಕೊಂಡು ಹೋಗೋದೇ ತಪ್ಪು. ಹೆಂಗಸರನ್ನೂ ಸೇರಿಸಿಬಿಟ್ರೆ ಆ ತಪ್ಪು ಸರಿಹೋಗುತ್ತಾ? ಸಭೇಲಿ ಇಷ್ಟು ಹೇಳಿದ್ರೆ ಸಾಕು."

ಅದೂ ಸರಿಯೆನಿಸಿತು. ಆಯಿತು ಟೀಚರ್, ಹೇಳುತ್ತೇನೆ ಎಂದೆ.

ಅವರು ಹೋದಮೇಲೆ ಹೊನ್ನಿ ಕುಂಚ ತೊಳೆಯುತ್ತಾ, "ಇಬ್ಬರಿಗೂ ಹೂಂ ಅಂದ್ಯಲ್ಲಪ್ಪಾ" ಎಂದಳು.

"ಇಬ್ಬರೂ ಸರಿಯಾಗೇ ಮಾತಾಡಿದ್ರು."

"ನಿನ್ನ ಮಾತು ಯಾವುದು?"

ಮೊದಲ ಸಲ ನನ್ನನ್ನು ಕೆರೆಗಿಳಿಸಿದಾಗ ಯಾರೂ ನನ್ನ ಒಪ್ಪಿಗೆ ಕೇಳಲಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಅಲ್ಲಿ ಸಿಕ್ಕಂಥ ಗೆಳೆಯರು ಮತ್ತೆ ಎಲ್ಲಿಯೂ ಸಿಗಲಿಲ್ಲ. ಅಂಥವರು ಸಿಗಲೆಂದು ಯಾರನ್ನಾದರೂ ಅಲ್ಲಿಗೆ ಕಳಿಸಲು ಮನಸ್ಸು ಬರುವುದಿಲ್ಲ. ಎರಡೂ ನಿಜ. ಎರಡನ್ನೂ ಒಂದೇ ಬಾಯಿಂದ ಹೇಳುವುದು ಹೇಗೆಂದು ತಿಳಿಯಲಿಲ್ಲ.

"ಗೊತ್ತಾಗ್ತಿಲ್ಲ ಮಗಳೇ" ಎಂದೆ.

"ನನಗೆ ಗೊತ್ತಾಗಿದೆ. ಕಟ್ಟಳೆ ಬಂದ್ರೆ ನಾನು ಹೋಗ್ತೀನಿ. ಎಲ್ಲರೂ ನಮ್ಮನೇನ ಹೋಗುವವರಿಲ್ಲದ ಮನೆ ಅಂತಾರೆ. ನಾನಿಲ್ವಾ ಇಲ್ಲಿ?"

ಒಳಗೆ ಬೀಸುವ ಕಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಕೆರೆ ಒಣಗುವ ಮುಂಚಿನ ಕೊನೆಯ ದೋಣಿಗೆ ನಾವು ಮೂವರೂ ಆಚೆ ದಡಕ್ಕೆ ಹೋದೆವು. ನೀಲವ್ವನ ಅಣ್ಣ ಫಕೀರಪ್ಪನ ಮೊಮ್ಮಗಳಿಗೆ ಹೆಸರಿಡುವುದಿತ್ತು. ಫಕೀರಪ್ಪ ನನ್ನಷ್ಟೇ ವಯಸ್ಸಿನವನು, ಅವನೂ ಹಳೆಯ ಸಿಪಾಯಿ. ಅವನ ಮಗ ಎರಡು ಬೇಸಿಗೆಯ ಹಿಂದೆ ಬಂದೂಕು ಸಿಡಿದು ಬಲಗೈ ಕಳೆದುಕೊಂಡಿದ್ದ. ಸೊಸೆ ಪಾರವ್ವ ಹಸಿ ಬಾಣಂತಿ. ನೀಲವ್ವ ಒಳಗೆ ಬರುತ್ತಲೇ ಮಲಗಿದ್ದವಳು ಎದ್ದು ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನೀಲವ್ವ ಅವಳನ್ನು ಬೈದು ಮಲಗಿಸಿದಳು.

ಊಟವಾದ ಮೇಲೆ ಫಕೀರಪ್ಪ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಎಲೆ ಅಡಿಕೆ ಮುಂದಿಟ್ಟ.

"ಭಾವ, ಒಂದ ಮಾತ ಕೇಳ್ತೀನಿ, ಖರೇ ಹೇಳು. ನಿಮ್ಮೂರಾಗ ಹೆಣ್ಮಕ್ಕಳನ್ನ ಇಳಸಾಕ ಹೊಂಟಾರಂತಲ್ಲ?"

"ನೀವು ಇಳಿಸ್ತಿದೀರಿ ಅಂತ ನಾವು ಕೇಳಿದ್ವಿ."

ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೆಯೇ ನಿಲ್ಲಿಸಿದ. "ಇಲ್ಲಲೇ. ನೀವು ಇಳಸಾಕತ್ತೀರಿ ಅಂತ ನಾವು ಸಭಾ ಕರದೀವಿ. ನನಗೂ ಮಾತಾಡು ಅಂದಾರ."

"ಏನು ಹೇಳ್ತೀಯ?"

"ಅದ ತಿಳೀವಲ್ದು. ನೀ ಏನ ಹೇಳ್ತೀ?"

ಇಬ್ಬರೂ ಎಲೆ ಜಗಿದೆವು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಅವನು ತನ್ನ ಸಭೆಯಲ್ಲಿ ನಮ್ಮವರು ಇಳಿಸುವುದಿಲ್ಲವೆಂದು ಹೇಳುವುದು, ನಾನು ನಮ್ಮ ಸಭೆಯಲ್ಲಿ ಅವರು ಇಳಿಸುವುದಿಲ್ಲವೆಂದು ಹೇಳುವುದು. ಹಿಂದಿರುಗುವಾಗ ದೋಣಿಯ ತಳ ಎರಡು ಕಡೆ ಕೆಸರಿಗೆ ತಾಗಿತು. ಹೊನ್ನಿಯೇ ಇಳಿದು ನೂಕಿದಳು. ಅವಳ ತೋಳಿನ ಬಲ ನೋಡಿ ನನಗೆ ಹೆಮ್ಮೆಯಾಯಿತು, ಕೂಡಲೇ ಭಯವೂ ಆಯಿತು.

ಸಭೆ ಬೆಳಗ್ಗೆ ಸೇರಿತು. ಚಾವಡಿಯ ಜಗಲಿ ಸಾಲದೆ ಜನ ಬೀದಿಯಲ್ಲಿ ನಿಂತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ರುದ್ರಮುನಿ ಮಾತಾಡಿದ, ಟೀಚರ್ ಮಾತಾಡಿದರು. ಆಮೇಲೆ ಎಲ್ಲರೂ ನನ್ನ ಕಡೆಗೆ ತಿರುಗಿದರು. ನಾನು ಕೋಲೂರಿ ಎದ್ದೆ.

"ಹೋಗೋದಾದ್ರೆ ಎಲ್ಲಾ ಮನೆಯೋರೂ ಹೋಗಬೇಕು, ಅದು ನ್ಯಾಯ" ಎಂದೆ. ಒಳಬೆಂಚಿನವರು ಹೌದು ಹೌದು ಎಂದರು. "ಆದ್ರೆ ಯಾಕೆ ಹೋಗಬೇಕು ಅಂತ ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ." ಹೊರಬೆಂಚಿನವರು ಹೌದು ಹೌದು ಎಂದರು. ಯಾರೋ ನಕ್ಕರು.

"ಒಂದು ಮಾತಲ್ಲಿ ಹೇಳು ಭರಮಣ್ಣ. ಕಳಿಸಬೇಕೋ, ಬೇಡವೋ?" ಎಂದು ರುದ್ರಮುನಿ ಕೇಳಿದ.

"ಆಚೆಯವರು ಕಳಿಸ್ತಾ ಇಲ್ಲ" ಎಂದೆ.

ಹಿಂದಿನಿಂದ ಒಬ್ಬ, "ಯಾರು ಹೇಳಿದ್ದು? ನಿನ್ನ ಭಾವಮೈದನಾ?" ಎಂದ. ಹೌದೆಂದೆ. ಅದನ್ನು ಹೇಳಬಾರದಿತ್ತೋ ಏನೋ. ನಗೆ ಬೀದಿಯ ತನಕ ಹಬ್ಬಿತು. ಶತ್ರುವಿನ ಮನೆಯಲ್ಲಿ ಉಂಡುಬಂದವನು ಶತ್ರುವಿನ ಮಾತು ತಂದಿದ್ದಾನೆ ಎಂದರು. ಹಾಗೆಂದವನ ಹೆಂಡತಿಯೂ ಆಚೆ ದಡದವಳೇ, ಅವನೂ ಅದೇ ದೋಣಿಯಲ್ಲಿ ನಮ್ಮ ಜೊತೆ ಬಂದಿದ್ದ. ಕಳಿಸುವುದಿಲ್ಲವೆಂದು ನಂಬಿಸಿ ಕಳಿಸುತ್ತಾರೆ, ಅದಕ್ಕೇ ಹಾಗೆ ಹೇಳಿಸಿದ್ದಾರೆ ಎಂದು ಇನ್ನೊಬ್ಬ ಹೇಳಿದ. ಅದನ್ನು ಕೇಳಿ ಅರೆಕ್ಷಣ ನನಗೂ ಹಾಗಿರಬಹುದೇ ಎನಿಸಿತು. ಕೈ ಎತ್ತಿಸಿದರು. ಬೇಕೆನ್ನುವ ಕೈಗಳೇ ಜಾಸ್ತಿ ಇದ್ದವು. ಹೆಂಗಸರಲ್ಲಿಯೂ ಬಹಳ ಮಂದಿ ಎತ್ತಿದ್ದರು, ಹೊನ್ನಿಯೂ ಎತ್ತಿದ್ದಳು. ನಾನು ಯಾವುದಕ್ಕೂ ಎತ್ತಲಿಲ್ಲ.

ಕೆರೆಗಿಳಿಯುವ ದಿನ ಏರಿಯ ಮೇಲೆ ತಮಟೆ ಬಡಿಯುತ್ತಾ ಒಂದೊಂದೇ ಮನೆಯನ್ನು ಕರೆದರು. ಜಯಶೀಲಾ ಟೀಚರ್ ಮನೆಯನ್ನೂ ಕರೆದರು. ಅವರು ಒಬ್ಬರೇ ಇರುವ ಮನೆಯಿಂದ ಅವರೇ ಹೋಗಬೇಕಲ್ಲ. ತಪ್ಪಿಸಿಕೊಳ್ಳುತ್ತಾರೆಂದು ಕೆಲವರು ಕಾದು ನೋಡುತ್ತಿದ್ದರು. ಅವರು ಶಾಲೆಗೆ ಬರುವಂತೆಯೇ ಚೀಲ ನೇತುಹಾಕಿಕೊಂಡು ಬಂದರು. ನನ್ನ ಮುಂದೆ ಹಾಯುವಾಗ, "ನಾನು ಹೋಗದಿದ್ರೆ ಲೆಕ್ಕಕ್ಕೆ ನನ್ನ ಬದಲು ಇನ್ಯಾವುದೋ ಮಗೂನ ಇಳಿಸ್ತಾರೆ. ಬೇರೆ ದಾರಿ ಹೊಳೀಲಿಲ್ಲ ನೋಡಿ" ಎಂದರು, ಕ್ಷಮೆ ಕೇಳುವವರಂತೆ.

ಆಮೇಲೆ ನಮ್ಮ ಮನೆಯನ್ನು ಕರೆದರು. ಹೊನ್ನಿ ಕೂದಲನ್ನು ಬಿಗಿಯಾಗಿ ಕಟ್ಟಿ, ನನ್ನ ಹಳೆಯ ಸೊಂಟಪಟ್ಟಿ ಬಿಗಿದುಕೊಂಡು ಮುಂದೆ ಹೊರಟಳು. ನೀಲವ್ವ ಅವಳ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿ ತಾನೇ ಇಳಿಜಾರಿನ ತುದಿಗೆ ಬಂದು ನಿಂತಳು. ಅವಳು ಬೇಸಿಗೆಯಲ್ಲಿ ಏರಿ ಹತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಮನ್ಯಾಗಿಂದ ಒಬ್ಬಾಕಿ ಹೆಂಗಸು ಬರಬೇಕಂತ ಅಂದೀರಿ. ನಾ ಬಂದೀನಿ" ಎಂದಳು.

ತಮಟೆ ನಿಂತಿತು. ರುದ್ರಮುನಿ ಹತ್ತಿರ ಬಂದು ಮೆಲ್ಲಗೆ, "ನೀಲವ್ವ, ಅದು ನಿಂಗೆ ಆಗೋ ಕೆಲಸ ಅಲ್ಲ. ನೀನು ಆ ಕಡೆಯೋಳು. ನಾಳೆ ನಿನ್ನ ಅಣ್ಣನ ಮನೆಯೋರೇ ಎದುರು ನಿಂತ್ರೆ ಏನು ಮಾಡ್ತೀಯ?" ಎಂದ.

"ನಾ ಆ ಕಡೀದಾಕಿ ಆದ್ರ ನನ್ನ ಮಗಳು ಯಾವ ಕಡೀದಾಕಿ? ನಿನ್ನ ಹೇಣ್ತಿ ನಮ್ಮೂರಾಕಿ. ನಿನ್ನ ಮಕ್ಕಳನ್ನ ಯಾವ ಕಡೀಂದ ಕಳಸಿದಿ?"

ರುದ್ರಮುನಿಯ ಮುಖ ಇಳಿದುಹೋಯಿತು. ಅವಳು ಸತ್ತ ಮಗನ ಮಾತೆತ್ತಬಾರದಿತ್ತು ಎಂದು ನನಗೆ ಅನಿಸಿತು, ಅವಳಿಗೂ ಅನಿಸಿರಬೇಕು, ತಲೆ ತಗ್ಗಿಸಿದಳು. ಚಾವಡಿಯವರು ಮೂಲೆಗೆ ಸೇರಿ ಗುಸುಗುಸು ಮಾತಾಡಿದರು. ಬೇಡವೆಂದರೆ ಅರ್ಧ ಊರಿನ ಹೆಂಗಸರನ್ನು ಬೇಡವೆಂದಂತೆ, ಅವರ ಹೊಟ್ಟೆಯಲ್ಲಿ ಹುಟ್ಟಿದವರನ್ನೂ ಬೇಡವೆಂದಂತೆ. ಕೊನೆಗೆ ರುದ್ರಮುನಿ ಕೈ ಬೀಸಿ ಹೋಗೆಂದ. ಹೊನ್ನಿ ಅಳುತ್ತಾ, "ಅದು ನನ್ನ ಜಾಗ, ಅಪ್ಪಾ ನೀನಾದ್ರೂ ಹೇಳು" ಎಂದಳು. ನನ್ನ ಹೆಂಡತಿ ಚಾವಡಿಯ ಬಂದೂಕು ಹೆಗಲಿಗೆ ಹಾಕಿಕೊಂಡು, ಸೀರೆಯ ಕಚ್ಚೆ ಸರಿಮಾಡಿಕೊಂಡು ಕೆರೆಯ ಅಂಗಳಕ್ಕೆ ಇಳಿದು ಹೋದಳು. ಹಿಂತಿರುಗಿ ನೋಡಲಿಲ್ಲ.

ಆ ಬೇಸಿಗೆಯಷ್ಟು ಉದ್ದದ ಬೇಸಿಗೆಯನ್ನು ನಾನು ಕಂಡಿಲ್ಲ. ಕೆರೆಯೊಳಗಿದ್ದಾಗ ಕಾಲ ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದರೆ ದೂರದಲ್ಲಿ ಒಂದು ಸದ್ದಾಗುತ್ತಿತ್ತು, ರೊಟ್ಟಿ ಹರಿಯುತ್ತಿತ್ತು. ಹೊನ್ನಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಒಂದು ದಿನ ತಾನಾಗಿಯೇ ಬಂದು ಪಕ್ಕದಲ್ಲಿ ಕೂತು, "ದೇವರ ಮುಂದೆ ಏನಂತ ಕೇಳ್ಕೋಬೇಕು ಅಂತ ತಿಳೀತಿಲ್ಲ. ನಮ್ಮೂರು ಗೆಲ್ಲಲಿ ಅಂದ್ರೆ ಮಾವನ ಮನೆಯೋರು ಕಣ್ಣಿಗೆ ಬರ್ತಾರೆ" ಎಂದಳು.

"ನನಗೂ ತಿಳೀತಿಲ್ಲ" ಎಂದೆ. ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ. ಆದರೆ ಅವಳು ಆ ದಿನ ಸಿಟ್ಟಾಗಲಿಲ್ಲ. ರೊಟ್ಟಿಯ ಹಿಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಬೇಸಿಗೆಯ ಕೊನೆಗೆ ಜಯಶೀಲಾ ಟೀಚರನ್ನು ಏಣಿಯ ಮೇಲೆ ಮಲಗಿಸಿಕೊಂಡು ಏರಿ ಹತ್ತಿಸಿದರು. ಗಾಯಗೊಂಡವಳೊಬ್ಬಳನ್ನು ಎಳೆತರಲು ಹೋದಾಗ ಗುಂಡು ತಗುಲಿ ತೀರಿಕೊಂಡರಂತೆ. ನಮ್ಮ ಕಡೆಯವಳೆಂದು ಕೆಲವರು ಹೇಳಿದರು, ಆಚೆ ಕಡೆಯವಳೆಂದು ಕೆಲವರು. ಆಚೆಯವರೂ ಹೆಂಗಸರನ್ನು ಇಳಿಸಿದ್ದರೆಂದು ನಮಗೆ ತಿಳಿದದ್ದು ಹಾಗೆ. ನಮ್ಮವರು ಇಳಿದದ್ದನ್ನು ಕಂಡ ಮರುದಿನವೇ ಅವರು ಇಳಿಸಿದ್ದರು. ಫಕೀರಪ್ಪನ ಮಾತನ್ನು ಅವನ ಸಭೆಯಲ್ಲಿ ನಂಬಿದ್ದರಂತೆ. ಅದಕ್ಕೇ ಒಂದು ದಿನ ತಡವಾಗಿತ್ತು. ಈಗ ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲವಂತೆ.

ಟೀಚರನ್ನು ಮಣ್ಣು ಮಾಡುವಾಗ ರುದ್ರಮುನಿ ಮಾತಾಡಿದ. ಹೆಣ್ಣುಮಕ್ಕಳು ಹೋಗಬಲ್ಲರೆಂಬುದನ್ನು ಈ ತಾಯಿ ತೋರಿಸಿಕೊಟ್ಟಳು, ಹೊಸ ಕಟ್ಟಳೆಗೆ ಈಕೆಯ ಹೆಸರನ್ನೇ ಇಡೋಣ ಎಂದ. ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತ. ಅದು ನಾಟಕವಾಗಿರಲಿಲ್ಲ, ನಾನು ಅವನನ್ನು ಬಲ್ಲೆ. ಹೊರಬೆಂಚಿನವರು ಕೂಡ ಅಳುತ್ತಾ ಮಣ್ಣು ಹಾಕಿದರು. ಟೀಚರ್ ಈ ಕಟ್ಟಳೆ ಬೇಡವೆಂದಿದ್ದರಲ್ಲ ಎಂದು ನಾನು ಪಕ್ಕದವನಿಗೆ ಹೇಳಿದೆ. "ಅದಕ್ಕೇ ದೊಡ್ಡೋರು. ಬೇಡ ಅಂದ್ರೂ ಹೋದ್ರಲ್ಲ" ಎಂದ ಅವನು. ನಾನು ಅದನ್ನು ತಿರುವಿಹಾಕಿ ನೋಡಿದೆ. ಎಲ್ಲಿ ತಪ್ಪಿದೆಯೆಂದು ಬೆರಳಿಟ್ಟು ತೋರಿಸಲು ಆಗಲಿಲ್ಲ, ಆದರೆ ತಪ್ಪಿತ್ತು. ಗಟ್ಟಿಯಾಗಿ ಹೇಳೋಣವೆಂದು ಎರಡು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಜನ ಕೈ ತೊಳೆಯಲು ಹೊರಟಿದ್ದರು.

ಮಳೆ ಆ ವಾರವೇ ಬಂತು. ಯಾರ ಬಾವುಟವಿತ್ತೆಂದು ಊರಿನಲ್ಲಿ ಈಗಲೂ ವಾದವಿದೆ. ನೀಲವ್ವ ಮಧ್ಯಾಹ್ನದ ಹೊತ್ತಿಗೆ ಬಂದಳು, ಸೀರೆ ಮೊಣಕಾಲ ತನಕ ಕೆಸರು. ಬಂದೂಕನ್ನು ಚಾವಡಿಗೆ ಒಪ್ಪಿಸಿಯೇ ಬಂದಿದ್ದಳು. ಹೊನ್ನಿ ಓಡಿಹೋಗಿ ತಬ್ಬಿಕೊಂಡಳು. ನಾನು ನೀರು ಕೊಟ್ಟೆ. ಕಾಲು ತೊಳೆದು ಮುಗಿಯುವುದರೊಳಗೆ ನಾನು ಕೇಳತೊಡಗಿದ್ದೆ. ಎಲ್ಲಿದ್ದೆ, ಏನಾಯಿತು, ಟೀಚರ್ ಜೊತೆ ಇದ್ದೆಯಾ, ಗುಂಡು ಹಾರಿಸಿದೆಯಾ.

"ಮೊದಲ ಉಣ್ಣಾಕ ಹಾಕು" ಎಂದಳು.

ಬಡಿಸಿದೆ. ರೊಟ್ಟಿ ದಪ್ಪವಾಗಿತ್ತು, ಆದರೂ ತಿಂದಳು. ಎರಡನೆಯ ರೊಟ್ಟಿ ಮುರಿಯುತ್ತಾ ತಾನಾಗಿಯೇ ಮಾತು ತೆಗೆದಳು.

"ಪಾರವ್ವ ಬಂದಿದ್ಲು."

ಪಾರವ್ವನೆಂದರೆ ಫಕೀರಪ್ಪನ ಸೊಸೆ, ಮಗು ಹೆತ್ತು ಇನ್ನೂ ಮೈ ಗಟ್ಟಿಯಾಗದವಳು. ಗಂಡನಿಗೆ ಕೈಯಿಲ್ಲ, ಮಾವನಿಗೆ ವಯಸ್ಸಾಯಿತು. ಅವರದೂ ಹೋಗುವವರಿಲ್ಲದ ಮನೆಯೇ.

"ಧೂಳಾಗ ದಿಬ್ಬದ ಹಿಂದ ಒಮ್ಮೆಲೆ ಎದುರಿಗೆ ಬಂದ್ಲು. ಬಂದೂಕು ನನ್ನ ಕಡೀಗೇ ಇತ್ತು. ನಂದೂ ಆಕಿ ಕಡೀಗೇ ಇತ್ತು. ಆಕಿ ನನ್ನ ಗುರ್ತು ಹಿಡದ್ಲು. ಹಿಡದ ಕೂಡ್ಲೆ ಒಂದ ಕೈಯಾಗ ಬಂದೂಕು ಹಿಡಕೊಂಡು ಇನ್ನೊಂದ ಕೈಲೆ ಸೆರಗು ತಲಿಮ್ಯಾಲೆ ಎಳಕೊಂಡ್ಲು."

ಹೊನ್ನಿ ಹತ್ತಿರ ಸರಿದಳು. "ಆಮೇಲೆ?" ಎಂದಳು.

"ಆಮ್ಯಾಲೆ ಏನ? ಹಿಂದ ಎರಡೂ ಕಡೀಂದ ಮಂದಿ ಬರಾಕತ್ತಿದ್ರು. ನಾನು ಕೂತೆ. ಆಕೀನೂ ಕೂತ್ಲು. ಧೂಳು ಭಾಳ ಇತ್ತು. ಗುಂಡಿನ ಸಪ್ಪಳ ಆತು. ಕಣ್ಣ ತೆರದ್ರ ಆಕಿ ಇರಲಿಲ್ಲ. ಎದ್ದು ಹೋದ್ಲೋ, ಯಾರರೆ ಎತಗೊಂಡು ಹೋದ್ರೋ, ನನಗ ಗೊತ್ತಾಗಲಿಲ್ಲ."

ಅವಳು ತಟ್ಟೆ ಪಕ್ಕಕ್ಕಿಟ್ಟು ಎದ್ದು ಹೋಗಿ, ಕೆರೆಯ ಕಡೆಯ ಕಿಟಕಿಯ ಬಳಿ ನಿಂತಳು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ನೀರು ಕೆಂಪಗೆ, ತೆಳ್ಳಗೆ ಹರಡಿತ್ತು.

"ದೋಣಿ ತೇಲೂವಷ್ಟು ನೀರು ಯಾವಾಗ ಆಗ್ತದ?" ಎಂದು ಕೇಳಿದಳು.

ನಾನು ನೀರನ್ನು ನೋಡಿದೆ. ಈ ಕೆರೆಯನ್ನು ಹುಟ್ಟಿದಾಗಿನಿಂದ ಬಲ್ಲೆ, ಮಳೆಗಾಲದಲ್ಲಿ ಜನ ಬಂದು ನನ್ನನ್ನೇ ಇದನ್ನು ಕೇಳುವುದು. ಕೋಲು ತೆಗೆದುಕೊಂಡು ಮಳೆಯಲ್ಲಿಯೇ ದೋಣಿಗಳನ್ನು ಮಗುಚಿಟ್ಟಿದ್ದ ಕಡೆಗೆ ಹೋಗಿ, ಎಲ್ಲಕ್ಕಿಂತ ಹಗುರವಾದ ದೋಣಿಯನ್ನು ಹುಡುಕಿದೆ. ಹೊನ್ನಿ ಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಮಗುಚಿ ನೆಟ್ಟಗೆ ಮಾಡಿ, ನೀರು ಇನ್ನೂ ಪಾದದಷ್ಟೇ ಇದ್ದರೂ ಕೆಸರಿನಲ್ಲಿ ಆಚೆ ದಡದ ಕಡೆಗೆ ಎಳೆಯತೊಡಗಿದೆವು.